ಏಣಿಯೋ ನೆಲೆಯೋ: ಸ್ಪ್ಯಾನಿಶ್ ಮನೆಮಾತಿನ ಮಕ್ಕಳ ಇಂಗ್ಲಿಷ್ ಕಲಿಕೆಯನ್ನು ಕುರಿತ ಅಧ್ಯಯನಗಳ ಒಂದು ವಿಮರ್ಶೆ

ಹೊರನಾಡಿನಲ್ಲಿ ಕನ್ನಡ ಶಿಕ್ಷಣವನ್ನು ಸಮರ್ಥಿಸುವಾಗ ನಾವು ಪದೇ ಪದೇ ಮುಂದಿಡುವ ವಾದವೊಂದಿದೆ: ಮನೆಮಾತು ಗಟ್ಟಿಯಾದರೆ ಇಂಗ್ಲಿಷ್ ತಾನಾಗಿಯೇ ಒಲಿಯುತ್ತದೆ. ಈ ವಾದಕ್ಕೆ ಆಧಾರವೆಂದು ಉಲ್ಲೇಖಗೊಳ್ಳುವ ಸಂಶೋಧನೆಗಳಲ್ಲಿ ಹಲವು, ಅಮೆರಿಕದಲ್ಲಿ ಮನೆಯಲ್ಲಿ ಸ್ಪ್ಯಾನಿಶ್ ಆಡುತ್ತ ಶಾಲೆಯಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳನ್ನು ಕುರಿತವು. ಆ ಸಂಶೋಧನೆಗಳು ಎಷ್ಟನ್ನು ಹೇಳುತ್ತವೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಈ ಚರ್ಚೆಗೆ ತಾತ್ವಿಕ ತಳಹದಿಯನ್ನು ಒದಗಿಸಿದವರು ಕೆನಡಾದ ವಿದ್ವಾಂಸ ಜಿಮ್ ಕಮ್ಮಿನ್ಸ್. ಮಗುವಿನ ಎರಡು ಭಾಷೆಗಳು ಎರಡು ಬೇರೆ ಬೇರೆ ಪಾತ್ರೆಗಳಲ್ಲ, ಅವುಗಳ ಅಡಿಯಲ್ಲಿ ಒಂದು ಸಮಾನ ಸಾಮರ್ಥ್ಯವಿದೆ, ಆದಕಾರಣ ಒಂದರಲ್ಲಿ ಗಳಿಸಿದ್ದು ಇನ್ನೊಂದಕ್ಕೆ ಒದಗುತ್ತದೆ ಎಂಬ ನಿಲುವನ್ನು ಅವರು 1979ರಿಂದ ಪ್ರತಿಪಾದಿಸುತ್ತ ಬಂದರು. ಇದಕ್ಕೆ ಅವರೇ ಹಾಕಿದ ಷರತ್ತನ್ನು ನಾವು ಮರೆಯುವುದೇ ಹೆಚ್ಚು. ಎರಡನೆಯ ಭಾಷೆಯ ಒಡನಾಟ ಸಾಕಷ್ಟು ದೊರೆಯಬೇಕು, ಅದನ್ನು ಕಲಿಯುವ ಪ್ರೇರಣೆಯೂ ಇರಬೇಕು. ಆಗ ಮಾತ್ರ ಈ ವರ್ಗಾವಣೆ ಸಾಧ್ಯ. 'ತಾನಾಗಿಯೇ' ಎಂಬ ಮಾತು ಅವರದಲ್ಲ, ನಮ್ಮದು.

ವರ್ಗಾವಣೆಯಾಗುವುದಾದರೂ ಯಾವುದು? 1993ರಲ್ಲಿ ದುರ್ಗುನೋಗ್ಲು, ನಾಗಿ, ಹ್ಯಾನ್ಸಿನ್-ಭಟ್ ಅವರು ಒಂದನೆಯ ತರಗತಿಯ ಸ್ಪ್ಯಾನಿಶ್ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಇಲ್ಲಿ ಮುಖ್ಯ. ಸ್ಪ್ಯಾನಿಶ್ ಪದಗಳನ್ನು ಧ್ವನಿಗಳಾಗಿ ಬಿಡಿಸಬಲ್ಲ, ಸ್ಪ್ಯಾನಿಶ್ ಪದಗಳನ್ನು ಓದಬಲ್ಲ ಮಕ್ಕಳು ಇಂಗ್ಲಿಷ್ ಪದಗಳನ್ನೂ ಚೆನ್ನಾಗಿ ಓದಿದರು. ಆದರೆ ಸ್ಪ್ಯಾನಿಶನ್ನಾಗಲಿ ಇಂಗ್ಲಿಷನ್ನಾಗಲಿ ಸರಾಗವಾಗಿ ಆಡುವ ಸಾಮರ್ಥ್ಯವು ಈ ಓದನ್ನು ಮುನ್ಸೂಚಿಸಲಿಲ್ಲ. ಅಂದರೆ ದಾಟಿ ಬಂದದ್ದು ಸಮಗ್ರ 'ಮನೆಮಾತು' ಅಲ್ಲ, ಅಕ್ಷರಾಭ್ಯಾಸಕ್ಕೆ ಸಂಬಂಧಿಸಿದ ನಿರ್ದಿಷ್ಟ ಕೌಶಲಗಳು. ಅಮೆರಿಕದ ರಾಷ್ಟ್ರೀಯ ಸಮಿತಿಯೊಂದು ಲಭ್ಯ ಸಂಶೋಧನೆಯನ್ನೆಲ್ಲ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ವರದಿಯೂ ಇದೇ ದಿಕ್ಕಿನದು. ಪದಗಳನ್ನು ಓದುವುದರಲ್ಲಿ ಈ ಮಕ್ಕಳು ಇಂಗ್ಲಿಷ್ ಮನೆಮಾತಿನವರ ಸಮಕ್ಕೆ ಬರಬಲ್ಲರು. ಓದಿದ್ದನ್ನು ಅರ್ಥಮಾಡಿಕೊಳ್ಳುವಲ್ಲಿ ಹಿಂದುಳಿಯುತ್ತಾರೆ. ಆ ಕೊರತೆ ತುಂಬಬೇಕಾದರೆ ಇಂಗ್ಲಿಷಿನ ಮಾತು ಮತ್ತು ಶಬ್ದಸಂಪತ್ತನ್ನೇ ಕಲಿಸಬೇಕಾಗುತ್ತದೆ.

ಇನ್ನೊಂದು ತೊಡಕು ವಿಧಾನಕ್ಕೆ ಸಂಬಂಧಿಸಿದ್ದು. ಸ್ಪ್ಯಾನಿಶಿನಲ್ಲಿ ಮುಂದಿರುವ ಮಗು ಇಂಗ್ಲಿಷಿನಲ್ಲಿಯೂ ಮುಂದಿದ್ದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ತಾಯಿಯ ವಿದ್ಯಾಭ್ಯಾಸ, ಮನೆಯಲ್ಲಿನ ಪುಸ್ತಕಗಳು, ಮಗುವಿನ ಸಹಜ ಶಕ್ತಿ ಇವು ಎರಡಕ್ಕೂ ಮೂಲವಾಗಿರಬಹುದು. ಈ ದೋಷವನ್ನು ನಿವಾರಿಸಲು ರಾಬರ್ಟ್ ಸ್ಲಾವಿನ್ ಮತ್ತು ಸಂಗಡಿಗರು ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿ ಐದು ವರ್ಷಗಳವರೆಗೆ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಪ್ಯಾನಿಶಿನಲ್ಲಿ ಓದು ಆರಂಭಿಸಿ ಕ್ರಮೇಣ ಇಂಗ್ಲಿಷಿಗೆ ಹೊರಳಿದವರು ಒಂದನೆಯ ತರಗತಿಯಲ್ಲಿ ಸ್ಪ್ಯಾನಿಶಿನಲ್ಲಿ ಮುಂದಿದ್ದರು, ಇಂಗ್ಲಿಷಿನಲ್ಲಿ ಹಿಂದಿದ್ದರು. ನಾಲ್ಕನೆಯ ತರಗತಿಯ ವೇಳೆಗೆ ಇಂಗ್ಲಿಷ್ ಓದಿನಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ.

ಈ ಫಲಿತಾಂಶವನ್ನು ಮನೆಮಾತಿನ ಸೋಲೆಂದು ಓದುವವರಿದ್ದಾರೆ. ನಮಗೆ ಕಾಣುವುದು ಬೇರೆ. ಮನೆಮಾತಿನಲ್ಲಿ ಕಳೆದ ಆ ವರ್ಷಗಳು ಇಂಗ್ಲಿಷಿಗೆ ನಷ್ಟವಾಗಲಿಲ್ಲ ಎಂಬುದೇ ದೊಡ್ಡ ಮಾತು. ಮೇಲಾಗಿ, ನಾಲ್ಕನೆಯ ತರಗತಿಗೆ ಸ್ಪ್ಯಾನಿಶನ್ನು ಕೈಬಿಡುವುದೇ ಆ ಪದ್ಧತಿಯ ಸ್ವರೂಪ. ಹತ್ತಿದ ಮೇಲೆ ಏಣಿಯನ್ನು ತೆಗೆದಿಟ್ಟಂತೆ ಅದರ ಯೋಜನೆ.

ಎರಡೂ ಭಾಷೆಗಳನ್ನು ಮುಂದುವರಿಸಿದರೆ ಚಿತ್ರ ಬದಲಾಗುತ್ತದೆ. ದೊಡ್ಡ ನಗರವೊಂದರ 12 ವರ್ಷಗಳ ಮಾಹಿತಿಯನ್ನು ಪರಿಶೀಲಿಸಿದ ಉಮಾನ್‌ಸ್ಕಿ ಮತ್ತು ರಿಯರ್ಡನ್ ಅವರು 2014ರಲ್ಲಿ ತೋರಿಸಿದಂತೆ, ದ್ವಿಭಾಷಾ ತರಗತಿಗಳ ಲ್ಯಾಟಿನೋ ಮಕ್ಕಳು ಪ್ರಾಥಮಿಕ ಹಂತದಲ್ಲಿ 'ಇಂಗ್ಲಿಷ್ ಕಲಿಯುವವರು' ಎಂಬ ವರ್ಗದಿಂದ ನಿಧಾನವಾಗಿ ಹೊರಬಂದರು. ಪ್ರೌಢಶಾಲೆಯ ಕೊನೆಯ ಹೊತ್ತಿಗೆ ಹಾಗೆ ಹೊರಬಂದವರ ಪ್ರಮಾಣ ಅವರಲ್ಲಿಯೇ ಹೆಚ್ಚಿತ್ತು. ಪೋರ್ಟ್‌ಲ್ಯಾಂಡ್ ನಗರದಲ್ಲಿ ಲಾಟರಿಯ ಮೂಲಕ ದ್ವಿಭಾಷಾ ಶಾಲೆಗಳಿಗೆ ಆಯ್ಕೆಯಾದ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಆಯ್ಕೆಯಾಗದವರಿಗಿಂತ ಐದನೆಯ ತರಗತಿಯಲ್ಲಿ ಸುಮಾರು 7 ತಿಂಗಳು, ಎಂಟನೆಯದರಲ್ಲಿ ಸುಮಾರು 9 ತಿಂಗಳು ಮುಂದಿದ್ದರೆಂದು 2017ರ ಅಧ್ಯಯನವೊಂದು ದಾಖಲಿಸಿತು. ಅವರೆಲ್ಲರೂ ಸ್ಪ್ಯಾನಿಶ್ ಮನೆಮಾತಿನವರಲ್ಲ ಎಂಬುದನ್ನು ನೆನಪಿಡಬೇಕು. ಎರಡನೆಯ ತರಗತಿಯಲ್ಲೇ ತೀರ್ಪು ನೀಡಿದರೆ ಒಂದು ಪದ್ಧತಿ ಗೆಲ್ಲುತ್ತದೆ, ಹತ್ತು ವರ್ಷ ಕಾದರೆ ಇನ್ನೊಂದು ಗೆಲ್ಲಬಹುದು. ತಾಯ್ತಂದೆಯರಿಗಾಗಲಿ ಸರ್ಕಾರಕ್ಕಾಗಲಿ ಅಷ್ಟು ತಾಳ್ಮೆ ಇರುವುದು ಅಪರೂಪ.

ಆದರೆ ನಮ್ಮ ಮೂಲಭೂತ ಆಕ್ಷೇಪ ಅಳತೆಗೋಲನ್ನು ಕುರಿತದ್ದು. ಈ ಚರ್ಚೆಯಲ್ಲಿ 'ಶಾಲಾ ಪ್ರಗತಿ' ಎಂದರೆ ಬಹುಮಟ್ಟಿಗೆ ಇಂಗ್ಲಿಷಿನ ಅಂಕಗಳೇ. ಸ್ಪ್ಯಾನಿಶ್ ಕಾರಣವಾಗಿ ಬರುತ್ತದೆ, ಫಲವಾಗಿ ಬರುವುದು ಕಡಿಮೆ. ಭಾಷೆಯೊಂದನ್ನು ಏಣಿಯೆಂದು ಮಾತ್ರ ಸಮರ್ಥಿಸಿದರೆ, ಅದಕ್ಕಿಂತ ಚುರುಕಾದ ಏಣಿ ದೊರೆತಿದೆ ಎಂದು ಯಾರಾದರೂ ಹೇಳಿದ ದಿನ ಆ ಸಮರ್ಥನೆ ಕುಸಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದೂ ಅದೇ. ದ್ವಿಭಾಷಾ ತರಗತಿಗಳು ಇಂಗ್ಲಿಷ್ ಕಲಿಸುತ್ತಿಲ್ಲವೆಂಬ ವಾದದ ಮೇಲೆ ಅಲ್ಲಿನ ಮತದಾರರು 1998ರಲ್ಲಿ ಅವನ್ನು ಬಹುಮಟ್ಟಿಗೆ ನಿರ್ಬಂಧಿಸಿದರು. ಆ ನಿರ್ಬಂಧ ತೆರವಾಗಲು 2016ರ ಮತದಾನದವರೆಗೆ ಕಾಯಬೇಕಾಯಿತು. ಈ ನಡುವೆ ಒಂದು ಇಡೀ ತಲೆಮಾರು ಶಾಲೆ ಮುಗಿಸಿತ್ತು.

ನಮ್ಮ ಸಂದರ್ಭಕ್ಕೆ ಬಂದರೆ ಇನ್ನಷ್ಟು ಎಚ್ಚರ ಬೇಕು. ಸ್ಪ್ಯಾನಿಶ್ ಮತ್ತು ಇಂಗ್ಲಿಷ್‌ಗಳಿಗೆ ಲಿಪಿ ಒಂದೇ, ಲ್ಯಾಟಿನ್ ಮೂಲದ ಪದಗಳೂ ಅಪಾರವಾಗಿ ಸಮಾನ. ಕನ್ನಡದ್ದು ಅಕ್ಷರಮಾಲೆ, ವ್ಯಂಜನ ಸ್ವರಗಳು ಕೂಡಿದ ಗುಣಿತಾಕ್ಷರ ಅದರ ಘಟಕ. ಕನ್ನಡದ ಮಕ್ಕಳಲ್ಲಿ ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಮೂಡುತ್ತದೆಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಮುಂಬಯಿಯ ಕನ್ನಡ ಮಗುವಿನ ಮುಂದಿರುವುದು ಎರಡು ಭಾಷೆಗಳಲ್ಲ. ಮರಾಠಿ, ಹಿಂದಿಗಳೂ ಇವೆ. ಅಮೆರಿಕದ ಫಲಿತಾಂಶವನ್ನು ಹಾಗೆಯೇ ಎತ್ತಿ ತಂದು ನಮ್ಮ ಶಾಲೆಗಳ ಬಾಗಿಲಿಗೆ ಅಂಟಿಸಲಾಗದು.

ಶಿಕ್ಷಣ ಮಾಧ್ಯಮವನ್ನು ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತ ಮೇಲೆ ನಮಗೆ ಉಳಿದಿರುವ ಮುಖ್ಯ ದಾರಿ ತಾಯ್ತಂದೆಯರ ಮನವೊಲಿಸುವುದು. ಅಲ್ಲಿ ಹೆಚ್ಚು ಭರವಸೆ ಕೊಟ್ಟು ಮಾತು ತಪ್ಪಿದರೆ ಶಾಲೆಯೇ ಬರಿದಾಗುತ್ತದೆ. ಒಳ್ಳೆಯ ಬೋಧನೆಯಿದ್ದರೆ ಕನ್ನಡದ ಓದಿನಿಂದ ಇಂಗ್ಲಿಷಿಗೆ ಹಾನಿಯಾಗಬೇಕಾಗಿಲ್ಲ ಎಂದಷ್ಟನ್ನು ನಾವು ಪ್ರಾಮಾಣಿಕವಾಗಿ ಹೇಳಬಹುದು. ಅದರಾಚೆ, ಭಾಷಿಕ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯು ಇಂಗ್ಲಿಷಿನ ಅಂಕಗಳ ಲೆಕ್ಕ ಕೇಳುವುದಿಲ್ಲ. ಅಜ್ಜಿಯ ಪತ್ರವನ್ನು ಮೊಮ್ಮಗು ಓದಬಲ್ಲದು ಎಂಬುದೂ ಪ್ರಗತಿಯೇ. ನಮ್ಮ ವಾದ ಮೊದಲು ಆ ನೆಲೆಯ ಮೇಲೆ ನಿಲ್ಲಬೇಕು. ಸಂಶೋಧನೆ ಅದಕ್ಕೆ ಒತ್ತಾಸೆಯಾಗಿ ಬರಲಿ.