ಓಡುವ ಬಗ್ಗಿ, ಬಿಚ್ಚುವ ಕೈ

ಈ ಪುಟಗಳಲ್ಲಿ ನಾಟಕ, ಕಾದಂಬರಿ, ಯಕ್ಷಗಾನಗಳ ವಿಮರ್ಶೆ ಬರುವುದು ರೂಢಿ. ಮಕ್ಕಳ ಆಟದ ಸಾಮಾನೊಂದನ್ನು ಎತ್ತಿಕೊಂಡರೆ ಹಿರಿಯರು ಹುಬ್ಬೇರಿಸಿಯಾರು. ಆದರೆ ಹೇಳಿದ್ದನ್ನು ಮಾಡಿದೆಯೇ, ಮಾಡಿದ್ದು ಮಾಡತಕ್ಕದ್ದೇ ಎಂದು ಕೃತಿಗೆ ಕೇಳುವ ಪ್ರಶ್ನೆಗಳನ್ನು 11,000 ರೂಪಾಯಿ ತೆತ್ತು ತಂದ ವಸ್ತುವಿಗೂ ಕೇಳಬಾರದೇಕೆ? ನನ್ನಂಥ ಗುಮಾಸ್ತನಿಗೆ ಅದು ಆಟದ ಮಾತಲ್ಲ.

ಒಂಬತ್ತನೆಯ ತರಗತಿಯ ಮಗ ವರ್ಷವಿಡೀ ಬೇಡಿದ ಮೇಲೆ, ಕ್ರಾಫರ್ಡ್ ಮಾರ್ಕೆಟ್ ಬಳಿಯ ಗಲ್ಲಿಯೊಂದರಿಂದ ರೇಡಿಯೋ ನಿಯಂತ್ರಣದ ಬಗ್ಗಿಯೊಂದನ್ನು ತಂದೆ. ನಾಲ್ಕು ಚಕ್ರಗಳಿಗೂ ಮೋಟಾರಿನ ಬಲ ತಲಪುವ ಗಾಡಿ. 'ರೆಡಿ ಟು ರನ್' ವರ್ಗದ್ದು. ಅಂದರೆ ಬ್ಯಾಟರಿ ತುಂಬಿಸಿ ಓಡಿಸುವುದಷ್ಟೇ ನಮ್ಮ ಕೆಲಸ.

ಮೊದಲು ಗುಣಗಳು. ಶಿವಾಜಿ ಪಾರ್ಕಿನ ಕೆಂಪು ಮಣ್ಣಿನಲ್ಲಿ ಹಿಂದಿನೆರಡು ಚಕ್ರಗಳಷ್ಟೇ ತಳ್ಳುವ ಗಾಡಿಗಳು ಬುಗುರಿಯಂತೆ ಸುತ್ತುವಾಗ, ಇದು ನೆಲ ಕಚ್ಚಿ ಸಾಗಿತು. ಮೋಟಾರಿನ ಬಲ ನಡುವಿನ ದಂಡದ ಮೂಲಕ ಮುಂದಕ್ಕೂ ಹಿಂದಕ್ಕೂ ಹೋಗುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಷ್ಟೆ; ಅದಕ್ಕೆ ಎರಡು ಕಡೆಯೂ ಡಿಫರೆನ್ಷಿಯಲ್ ಹಲ್ಲುಚಕ್ರಗಳಿವೆ. ಬಿ.ಎಸ್ಸಿ.ಯಲ್ಲಿ ಕಪ್ಪುಹಲಗೆಯ ಮೇಲೆ ಕಂಡದ್ದನ್ನು ಅಂಗೈಯಲ್ಲಿ ಕಂಡೆ.

ರೇಡಿಯೋ ಭಾಗವೂ ಚೆನ್ನ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ದೋಣಿ ನಡೆಸಿ ತೋರಿಸಿದ ವಿದ್ಯೆ ಇದು. ಹಿಂದಿನ 27 ಮೆಗಾಹರ್ಟ್ಸ್ ಆಟಿಕೆಗಳಲ್ಲಿ ಒಂದೇ ಕಂಪನಾಂಕದ ಎರಡು ಗಾಡಿ ಕೂಡಿದರೆ ನಿಮ್ಮದು ನೆರೆಯವನ ಮಾತು ಕೇಳುತ್ತಿತ್ತು. 2005ರಲ್ಲಿ ಸರ್ಕಾರ ಲೈಸೆನ್ಸಿನಿಂದ ಮುಕ್ತಗೊಳಿಸಿದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಆ ರಗಳೆಯಿಲ್ಲ.

ಇನ್ನು ದೋಷಗಳು. 1500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ, ಸರಾಸರಿ 6 ಆಂಪಿಯರ್ ಹೀರಿದರೆ ಹದಿನೈದೇ ನಿಮಿಷ ಬರುತ್ತದೆ. ಜೊತೆಗೆ ಕೊಟ್ಟ ಚಾರ್ಜರು ಅದನ್ನು ತುಂಬಲು ಮೂರು ಗಂಟೆ ತೆಗೆದುಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಗಂಟೆಗೆ 60 ಕಿಲೋಮೀಟರ್ ಎಂಬ ಜಂಬ ಬೇರೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿ. ನಮ್ಮ ವಸಾಹತಿನ ಇಕ್ಕಟ್ಟಿನ ರಸ್ತೆಯಲ್ಲಿ ಅದರ ಅರ್ಧ ವೇಗವೇ ಧಾರಾಳ. ನಾಲ್ಕನೆಯ ದಿನ ಗಾಡಿ ಮೋರಿಯ ಕಟ್ಟೆಗೆ ಬಡಿದು ಮುಂದಿನ ತೋಳು ಮುರಿಯಿತು. ಅಂಗಡಿಯವನು, "ಬಿಡಿಭಾಗ ಇಡುವುದಿಲ್ಲ ಸಾಹೇಬ್, ಹೊಸ ಗಾಡಿ ಬೇಕಾದರೆ ಇದೆ" ಎಂದ. ಕೈಪಿಡಿಯಲ್ಲಿ ಚಿತ್ರವಿತ್ತು, ಬಿಡಿಭಾಗದ ಸಂಖ್ಯೆಯಿರಲಿಲ್ಲ.

ನನ್ನ ಮುಖ್ಯ ತಕರಾರು ಇಲ್ಲಿದೆ. ಜಪಾನಿನ ತಾಮಿಯಾ ಸಂಸ್ಥೆ 1985ರಲ್ಲಿ ತನ್ನ ಮೊದಲ ನಾಲ್ಚಕ್ರ ಚಾಲನೆಯ ಬಗ್ಗಿ 'ಹಾಟ್‌ಶಾಟ್' ತಂದಾಗ ಅದು ಬಂದದ್ದು ಬಿಡಿಬಿಡಿಯಾಗಿ. ಹಲ್ಲುಚಕ್ರ ಕೂಡಿಸಿ, ಗ್ರೀಸ್ ಹಚ್ಚಿ, ಕೊಂಡವನೇ ಕಟ್ಟಬೇಕು. ಕಟ್ಟಿದವನಿಗೆ ರಿಪೇರಿ ತಾನಾಗಿ ತಿಳಿಯುತ್ತದೆ. ಸಿದ್ಧವಾಗಿ ಬಂದದ್ದು ಓಡಿಸುವುದನ್ನು ಕಲಿಸುತ್ತದೆಯೇ ಹೊರತು, ಏಕೆ ಓಡುತ್ತದೆಂಬುದನ್ನಲ್ಲ. ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರಿಂದ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಎರಡಕ್ಕೂ ನನ್ನ ವಿರೋಧವಿಲ್ಲ. ಆದರೆ ಮುರಿದ ತೋಳು ಸಿಕ್ಕೀತೇ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ.

ತೋಳು ಹದಿನೆಂಟು ದಿನಗಳ ಮೇಲೆ ಅಂಚೆಯಲ್ಲಿ ಬಂತು. ಲ್ಯಾಮಿಂಗ್ಟನ್ ರಸ್ತೆಯಿಂದ ಸಣ್ಣ ಸ್ಕ್ರೂಡ್ರೈವರುಗಳ ಸೆಟ್ ತಂದೆ. ಮಗನ ವಯಸ್ಸಿನಲ್ಲಿ ನಾನು ಮನೆಯ ಟ್ರಾನ್ಸಿಸ್ಟರ್ ಬಿಚ್ಚಿ ಏಟು ತಿಂದವನು. ಆಮೇಲೆ ಬಿಚ್ಚಿದ್ದೆಲ್ಲ ಫೈಲುಗಳ ಲಾಡಿಯನ್ನೇ. ನಾನು ತಡಕಾಡುವುದನ್ನು ಕಂಡು ಮಗ, "ಅಪ್ಪಾ, ನೀನು ಬೆಳಕು ಹಿಡಿ ಸಾಕು" ಎಂದ. ಒಂದೂವರೆ ಗಂಟೆಯಲ್ಲಿ ತಾನೇ ಜೋಡಿಸಿದ. ಒಂದು ಸ್ಕ್ರೂ ಉಳಿದಾಗ ಮತ್ತೆ ಬಿಚ್ಚಿ ಅದರ ಜಾಗ ಹುಡುಕಿದ. 11,000ದಲ್ಲಿ ನನಗೆ ದಕ್ಕಿದ್ದು ಆ ಸಂಜೆ.

ಕೊಳ್ಳಬೇಕೆನ್ನುವ ಓದುಗರಿಗೆ ಒಂದು ಮಾತು. ವೇಗವೆಷ್ಟು ಎಂದು ಕೇಳಬೇಡಿ. ತೋಳು, ಹಲ್ಲುಚಕ್ರ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಸಿಗುತ್ತದೆಂದರೆ ಅವನ್ನೂ ಅಂದೇ ಕೊಂಡು, ಸ್ಕ್ರೂಡ್ರೈವರನ್ನು ಮಕ್ಕಳ ಕೈಗೇ ಕೊಡಿ.