ಮೆಟ್ನರನ ರೂಪಭೇದಗಳೂ ಮೈಸೂರಿನ ಪೋಷಣೆಯೂ

ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ (1919–1974) ಕಲಾಪೋಷಣೆಯನ್ನು ಕುರಿತು ಬರೆಯುವವರು ರಷ್ಯದ ಸಂಗೀತರಚಕ ನಿಕೊಲಾಯ್ ಮೆಟ್ನರನ ಹೆಸರನ್ನು ಒಂದು ವಾಕ್ಯದಲ್ಲಿ ಉಲ್ಲೇಖಿಸಿ ಮುಂದೆ ಸಾಗುವುದು ವಾಡಿಕೆ. ದಾನಿಯ ಔದಾರ್ಯವನ್ನು ಹೊಗಳಿ, ಆ ಔದಾರ್ಯಕ್ಕೆ ಪಾತ್ರವಾದ ಕೃತಿಯನ್ನು ಕೇಳದೆ ಬಿಡುವುದು ಇತಿಹಾಸದ ಅಭ್ಯಾಸಿಗಳಿಗೆ ಒಪ್ಪುವಂಥದಲ್ಲವೆಂದು ನಾವು ಭಾವಿಸುತ್ತೇವೆ.

1880ರಲ್ಲಿ ಮಾಸ್ಕೋದಲ್ಲಿ ಜನಿಸಿದ ಮೆಟ್ನರನು 1921ರಲ್ಲಿ ಸ್ವದೇಶವನ್ನು ತೊರೆದು ಕಡೆಗೆ ಲಂಡನ್ನಿನಲ್ಲಿ ನೆಲಸಿದನು. 1951ರಲ್ಲಿ ಅಲ್ಲಿಯೇ ತೀರಿಕೊಂಡನು. ಸ್ವತಃ ಪಿಯಾನೋ ಬಲ್ಲವರಾಗಿದ್ದ ಒಡೆಯರ ದ್ರವ್ಯಸಹಾಯದಿಂದ 1940ರ ದಶಕದ ಉತ್ತರಾರ್ಧದಲ್ಲಿ ಅವನ ಕೃತಿಗಳು, ಬಹುಮಟ್ಟಿಗೆ ಅವನದೇ ವಾದನದಲ್ಲಿ, ಧ್ವನಿಮುದ್ರಿತವಾದುವು. ಅವುಗಳಲ್ಲಿ ಏಕಾಂಗಿ ಪಿಯಾನೋವಿಗೆಂದು ರಚಿಸಿದ ‘ಇಂಪ್ರೊವೈಸೇಷನ್’ (ಕೃತಿಸಂಖ್ಯೆ 31, ಭಾಗ 1) ಒಂದು. ಒಂದು ಪ್ರಧಾನ ಸ್ವರವಾಕ್ಯವನ್ನು ಮೊದಲು ನುಡಿಸಿ, ಬಳಿಕ ಅದನ್ನೇ ಬೇರೆಬೇರೆ ರೂಪಗಳಲ್ಲಿ ತೋರಿಸುವುದು ಇದರ ಕ್ರಮ.

ಇಲ್ಲಿ ಹೆಸರೇ ನಮ್ಮನ್ನು ದಾರಿ ತಪ್ಪಿಸುವಂತಿದೆ. ಆ ಇಂಗ್ಲಿಷ್ ಪದಕ್ಕೆ ಮನೋಧರ್ಮವೆಂದು ಅರ್ಥಮಾಡಿ, ಇದು ನಮ್ಮ ನೆರವಲ್ಲಿನ ಸೋದರನೆಂದು ಹೇಳಿಬಿಡುವುದು ಸುಲಭ. ಆದರೆ ನೆರವಲ್ಲಿನಲ್ಲಿ ಸಾಹಿತ್ಯ, ರಾಗ, ತಾಳಗಳು ಸ್ಥಿರ. ಸ್ವರಸಂಚಾರ ಮಾತ್ರ ಗಾಯಕನ ಆ ಕ್ಷಣದ ಸೃಷ್ಟಿ. ಮೆಟ್ನರನಲ್ಲಾದರೋ ಪ್ರತಿಯೊಂದು ಸ್ವರವೂ ಬರೆದಿಟ್ಟದ್ದು. ಬದಲಾಗುವುದು ಲಯ, ಸ್ವರಮೇಳ, ಭಾವ ಎಲ್ಲವೂ. ಆಳಂದ ತಾಲ್ಲೂಕಿನ ಸರಸಂಬಾದಂಥ ಊರುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ಭಜನೆಯ ಹಾರ್ಮೋನಿಯಂ ಹೊಸದಲ್ಲ. ಭಜನೆಯಲ್ಲಿ ಪ್ರತಿ ನುಡಿಯ ಕೊನೆಗೂ ಪಲ್ಲವಿ ತನ್ನ ರೂಪದಲ್ಲೇ ಮರಳುತ್ತದೆ, ಕೇಳುವವನು ಮನೆಗೆ ಬಂದಂತಾಗುತ್ತದೆ. ಮೆಟ್ನರನು ಅಂಥ ಮರಳುವಿಕೆಯನ್ನು ಅಷ್ಟು ಸುಲಭವಾಗಿ ಕೊಡುವುದಿಲ್ಲ. ಮಾರುವೇಷದಲ್ಲಿರುವ ಪರಿಚಿತನನ್ನು ನಾವೇ ಗುರುತು ಹಿಡಿಯಬೇಕು.

1920ರ ದಶಕದ ಎರಡನೆಯ ‘ಇಂಪ್ರೊವೈಸೇಷನ್’ (ಕೃತಿಸಂಖ್ಯೆ 47) ಇನ್ನೂ ದೀರ್ಘವಾದುದು. ಇದರ ಪ್ರಧಾನ ವಾಕ್ಯ ಜಲಕನ್ಯೆಯ ಹಾಡು. ರೂಪಭೇದಗಳಿಗೆ ಅರಣ್ಯ, ವನಪಿಶಾಚಿ ಮೊದಲಾದ ಹೆಸರುಗಳಿವೆ. ಹಾಡು ಇಲ್ಲಿ ಕಥೆಯೊಳಗಿನ ಪಾತ್ರದಂತೆ ಸನ್ನಿವೇಶದಿಂದ ಸನ್ನಿವೇಶಕ್ಕೆ ಸಾಗುತ್ತದೆ. 1935ರ ತನ್ನ ಗ್ರಂಥದಲ್ಲಿ ನವ್ಯರನ್ನು ಕಟುವಾಗಿ ಖಂಡಿಸಿದವನಿವನು. ಅಷ್ಟರಿಂದಲೇ ಅವನನ್ನು ಹಳೆಯ ಕಾಲದವನೆಂದು ತಳ್ಳಿಹಾಕುವುದು ಅನ್ಯಾಯ. ದೋಷವಿಲ್ಲವೆಂದಲ್ಲ: ನೇಯ್ಗೆ ಕೆಲವೆಡೆ ಎಷ್ಟು ದಟ್ಟವೆಂದರೆ, ಮೂಲವಾಕ್ಯ ಒಳಧ್ವನಿಗಳಲ್ಲಿ ಮುಳುಗಿ, ಮೊದಲ ಶ್ರವಣದಲ್ಲಿ ಕೈಗೆ ಸಿಕ್ಕುವುದೇ ಇಲ್ಲ.

ಇನ್ನು ಪೋಷಣೆಯ ವಿಚಾರ. ಅದನ್ನು ಅರಸರ ಪಾಶ್ಚಾತ್ಯ ವ್ಯಾಮೋಹವೆಂದು ಎಣಿಸುವವರು, ಅವರೇ ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದುದನ್ನು ಮರೆಯಲಾಗದು. ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಅವರಿಗೆ ಅರ್ಪಿಸಿದ್ದು ಎಲ್ಲರೂ ಹೇಳುವ ಮಾತು. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಹಿರಿದಾದುದು ಆ ತಟ್ಟೆಗಳು. ದಟ್ಟವಾದ ಆ ಬರಹದಲ್ಲಿ ಯಾವ ಧ್ವನಿ ಮೇಲೇಳಬೇಕು, ಯಾವುದು ಅಡಗಿರಬೇಕು ಎಂಬುದನ್ನು ಕಾಗದ ಪೂರ್ತಿಯಾಗಿ ಹೇಳಲಾರದು. ರಚಕನ ಬೆರಳುಗಳು ಹೇಳುತ್ತವೆ.