ಬಾಗಿಲಿಗೆ ಬೀಗ, ಬೀದಿಗೆ ಬೇನೆ

ಪ್ಲೇಗನ್ನು ಕುರಿತ ಸಾಹಿತ್ಯವೆಂದೊಡನೆ ನಮ್ಮ ಓದುಗರಿಗೆ ಅಲ್ಬೇರ್ ಕಮೂನ 1947ರ ಕಾದಂಬರಿ ನೆನಪಾಗುತ್ತದೆ. ಜೊತೆಗೆ ಅನಂತಮೂರ್ತಿಯವರ ‘ಸಂಸ್ಕಾರ’ವೂ (1965) ನೆನಪಾಗದೆ ಇರದು. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪ ಸತ್ತಮೇಲೆ ದೂರ್ವಾಸಪುರದಲ್ಲಿ ಏಳುವ ಪ್ರಶ್ನೆ, ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದೇ ಹೊರತು ಜಿಲ್ಲೆಯ ಅಧಿಕಾರಿಗಳು ಏನು ಮಾಡಿದರು ಎಂಬುದಲ್ಲ. ಸರ್ಕಾರ ಅಲ್ಲಿ ಕಥೆಯ ಅಂಚಿನಲ್ಲಿದೆ. ಆ ಕಾದಂಬರಿಗೆ ಅದೇ ಸರಿ. ಆದರೆ ಬೇನೆಯೊಂದು ಕೇರಿಯಿಂದ ಕೇರಿಗೆ, ಪಟ್ಟಣದಿಂದ ಹಳ್ಳಿಗೆ ಹರಡುವುದರಲ್ಲಿ ಆಳುವವರ ಅಪ್ಪಣೆಗಳ ಪಾಲೆಷ್ಟು ಎಂದು ಕೇಳುವ ಕೃತಿ ಬೇಕಾದರೆ ನಾವು ಮುನ್ನೂರು ವರ್ಷ ಹಿಂದಕ್ಕೆ, ಡೇನಿಯಲ್ ಡಿಫೋನ ‘ಎ ಜರ್ನಲ್ ಆಫ್ ದಿ ಪ್ಲೇಗ್ ಇಯರ್’ಗೆ ಹೋಗಬೇಕು.

ರಾಬಿನ್ಸನ್ ಕ್ರೂಸೋನನ್ನು ಬಲ್ಲ ನಮ್ಮವರಲ್ಲಿ ಈ ಪುಸ್ತಕವನ್ನು ತೆರೆದವರು ಕಡಿಮೆ. 1665ರ ಲಂಡನ್ನಿನ ಪ್ಲೇಗನ್ನು ಕಂಡವನೊಬ್ಬ ಬರೆದಿಟ್ಟ ದಿನಚರಿ ಎಂಬ ವೇಷದಲ್ಲಿ ಅದು 1722ರಲ್ಲಿ ಪ್ರಕಟವಾಯಿತು. ಹೇಳುವವನು ಆಲ್ಡ್‌ಗೇಟಿನ ಹೊರಗೆ ವಾಸವಾಗಿರುವ ಒಬ್ಬ ಜೀನುಗಾರ. ಹೆಸರಿಲ್ಲ, ಕೊನೆಯಲ್ಲಿ ಎಚ್. ಎಫ್. ಎಂಬ ಎರಡಕ್ಷರ ಮಾತ್ರ. ನಿಜವಾದ ಪ್ಲೇಗಿನ ವರ್ಷ ಡಿಫೋಗೆ ಐದು ವಯಸ್ಸಿನ ಆಸುಪಾಸು. ಹಾಗಾದರೆ ಅರುವತ್ತು ದಾಟಿದ ಮೇಲೆ ಈ ಹಳೆಯ ಕಥೆ ಏಕೆ? 1720ರಲ್ಲಿ ಫ್ರಾನ್ಸಿನ ಮಾರ್ಸೆಯ್ಲ್ ಬಂದರಿಗೆ ಹಡಗಿನಲ್ಲಿ ಪ್ಲೇಗು ಬಂದಿತ್ತು. ಬೆದರಿದ ಇಂಗ್ಲೆಂಡಿನ ಸರ್ಕಾರ ಬೇನೆ ಬಿದ್ದ ಊರಿನ ಸುತ್ತ ಕಾವಲು ಹಾಕುವ ಅಧಿಕಾರವನ್ನೂ ಒಳಗೊಂಡ ಕಟ್ಟುನಿಟ್ಟಿನ ಕ್ವಾರಂಟೀನ್ ಕಾಯಿದೆಯನ್ನು 1721ರಲ್ಲಿ ತಂದು, ಜನರ ವಿರೋಧ ಕಂಡು ಅದರ ಅತಿ ಕಠಿಣ ವಿಧಿಗಳನ್ನು ಮರುವರ್ಷ ಹಿಂತೆಗೆದುಕೊಂಡಿತು. ಆ ಗದ್ದಲದ ನಡುವೆ ಬಂದ ಪುಸ್ತಕವಿದು. ಡಿಫೋ ಯಾರ ಪಕ್ಷವೆಂದು ಪಂಡಿತರು ಇಂದಿಗೂ ಜಗ್ಗಾಡುತ್ತಾರೆ. ಅವರು ಹಾಗೆ ಜಗ್ಗಾಡುವಂತಿರುವುದೇ ಕೃತಿಯ ಹೆಚ್ಚಳವೆಂದು ನನ್ನ ಭಾವನೆ.

ಕೃತಿಯ ನಡುವೆ ಲಂಡನ್ನಿನ ಮೇಯರ್ ಹೊರಡಿಸಿದ ಆಜ್ಞಾಪತ್ರಗಳನ್ನು ಡಿಫೋ ಇಡಿಯಾಗಿ ಸೇರಿಸಿದ್ದಾನೆ. ಕಾದಂಬರಿಯ ರಸಿಕರಿಗೆ ಇದು ಬೇಸರ ತಂದೀತು. ನಾನಂತೂ ಮೊದಲ ಸಲ ಆ ಪುಟಗಳನ್ನು ಹಾರಿಸಿದ್ದೆ. ಎರಡನೆಯ ಓದಿನಲ್ಲಿ ಉಳಿದ ಕಥೆಯೆಲ್ಲ ಆ ಪುಟಗಳಿಗೆ ಬರೆದ ವ್ಯಾಖ್ಯಾನವೆಂದು ತೋರಿತು. ಒಬ್ಬರಿಗೆ ಪ್ಲೇಗು ತಗುಲಿದರೆ ಮನೆಮಂದಿಯನ್ನೆಲ್ಲ ಒಳಗಿಟ್ಟು ಬಾಗಿಲು ಮುಚ್ಚತಕ್ಕದ್ದು. ಬಾಗಿಲ ಮೇಲೆ ಒಂದಡಿ ಉದ್ದದ ಕೆಂಪು ಶಿಲುಬೆ ಬರೆಯತಕ್ಕದ್ದು. ಹಗಲಿಗೊಬ್ಬ, ರಾತ್ರಿಗೊಬ್ಬ ಕಾವಲುಗಾರ. ಆಮೇಲೆ ಆಗುವುದೇನು? ಕಾವಲುಗಾರನನ್ನು ಔಷಧಿ ತರಲು ಅಟ್ಟಿ ಹಿತ್ತಲ ಬಾಗಿಲಿನಿಂದ ಜನ ಪಾರಾಗುತ್ತಾರೆ. ಒಂದು ಕಡೆ ಮದ್ದಿನಪುಡಿ ಸಿಡಿಸಿ ಕಾವಲುಗಾರನನ್ನೇ ಸುಡುತ್ತಾರೆ. ಓಡಿದವರಿಗೆ ಬಂಧುಗಳ ಮನೆಯಲ್ಲಿ ಆಶ್ರಯವಿಲ್ಲ. ಹೊಲದಲ್ಲಿ, ರಸ್ತೆಯಲ್ಲಿ ಅಲೆಯುತ್ತ, ತಮ್ಮೊಳಗಿನ ಬೇನೆಯನ್ನು ಹೋದಲ್ಲೆಲ್ಲ ಬಿತ್ತುತ್ತಾರೆ. ಮನೆಗೆ ಬೀಗ ಬೀಳುವ ಭಯದಿಂದ ಮೊದಲ ರೋಗಿಯನ್ನೇ ಮುಚ್ಚಿಡುತ್ತಾರೆ. ವಾರವಾರದ ಮರಣಪಟ್ಟಿಯಲ್ಲಿ ಪ್ಲೇಗಿನ ಅಂಕಿ ಚಿಕ್ಕದಾಗಿಯೇ ಇರುತ್ತದೆ. ಮಿಕ್ಕ ಜ್ವರಗಳ ಅಂಕಿಗಳು ಮಾತ್ರ ಉಬ್ಬುತ್ತವೆ. ಜೀನುಗಾರ ಆ ಪಟ್ಟಿಗಳನ್ನು ಅಂಗಡಿಯ ಲೆಕ್ಕ ನೋಡುವವನ ಚಾಳೀಸಿನಲ್ಲಿಯೇ ನೋಡುತ್ತಾನೆ. ಹೊರಗೆ ಆರೋಗ್ಯವಾಗಿ ಕಾಣುವವರೂ ಬೇನೆಯನ್ನು ಹರಡುತ್ತಾರೆ, ಆದ್ದರಿಂದ ರೋಗಿಗಳ ಮನೆಗಷ್ಟೇ ಹಾಕುವ ಬೀಗ ಸಾಲದು ಎಂಬ ಅವನ ಮಾತನ್ನು ಕೊರೊನಾ ಕಂಡ ನಾವು ತಟಸ್ಥರಾಗಿ ಓದಲಾರೆವು.

ಆದರೆ ಇದೇ ಮನುಷ್ಯ ಬೇರೊಂದು ಕಡೆ, ಪಶ್ಚಿಮದ ಕೆಲವು ಪ್ಯಾರಿಷ್‌ಗಳಲ್ಲಿ ನ್ಯಾಯಾಧಿಕಾರಿಗಳು ಬೇಗನೆ ಮನೆ ಮುಚ್ಚಿಸಿದ್ದರಿಂದ ಅಲ್ಲಿ ಬೇನೆ ಬೇಗ ತಗ್ಗಿತೆನ್ನುತ್ತಾನೆ. ಒಂದೇ ನಗರ, ಒಂದೇ ಬೇನೆ, ಕೇರಿಗೊಂದು ಫಲ. ಅರಸನ ಆಸ್ಥಾನ ಆಕ್ಸ್‌ಫರ್ಡಿಗೆ ಓಡಿದಾಗ ಊರಲ್ಲೇ ನಿಂತು, ರೊಟ್ಟಿಯ ಬೆಲೆ ಏರದಂತೆ, ಭಟ್ಟಿಗಳು ಆರದಂತೆ ನೋಡಿಕೊಂಡ ಮೇಯರನನ್ನು ಅವನು ಮನಸಾರ ಹೊಗಳುತ್ತಾನೆ. ಹೀಗೆ ಹಿಂದುಮುಂದಾಗುವುದನ್ನು ಕೃತಿಯ ದೋಷವೆಂದು, ಬರೆದವನ ಅವಸರವೆಂದು ಹೇಳುವವರಿದ್ದಾರೆ. ನಾನು ಒಪ್ಪಲಾರೆ. ಒಂದು ಅಪ್ಪಣೆ ಮೊದಲ ವಾರ ಹೊರಟರೆ ಒಂದು ಗುಣ, ಊರೆಲ್ಲ ಹತ್ತಿ ಉರಿಯುವಾಗ ಹೊರಟರೆ ಇನ್ನೊಂದು. ಒಳಗಿದ್ದವನಿಗೆ ಅನ್ನ ಕಳಿಸುವ ಅಪ್ಪಣೆ ಬೇರೆ, ಬರೀ ಬೀಗ ಕಳಿಸುವ ಅಪ್ಪಣೆ ಬೇರೆ. ಇದನ್ನು ಕಣ್ಣಾರೆ ಕಂಡವನ ಬರವಣಿಗೆ ನೇರವಾಗಿ ಹೇಗೆ ನಡೆದೀತು?

ಕೃತಿಯ ಅತ್ಯಂತ ಜೀವಂತ ಭಾಗ ಮೂವರು ಬಡವರ ಪಯಣ: ಒಬ್ಬ ಬಿಸ್ಕತ್ತು ಸುಡುವವ, ಒಬ್ಬ ಹಾಯಿ ಹೊಲಿಯುವವ, ಒಬ್ಬ ಬಡಗಿ. ಕೆಲಸ ನಿಂತ ಊರಲ್ಲಿ ಇರುವಂತಿಲ್ಲ. ಹೊರಟರೆ ತಿರುಕರೆಂದು ಕಾನೂನು ಹಿಂದಕ್ಕೆ ಅಟ್ಟುತ್ತದೆ. ಇಡೀ ದೇಶವೇ ನನ್ನ ಊರಲ್ಲವೇ ಎಂಬ ಧಾಟಿಯಲ್ಲಿ ಅವರಲ್ಲೊಬ್ಬ ವಾದ ಹೂಡುತ್ತಾನೆ. ಆರೋಗ್ಯದ ರಹದಾರಿ ಸಂಪಾದಿಸಿ ಹೊರಟರೂ ವಾಲ್ಥಮ್‌ಸ್ಟೋ ಊರಿನವರು ಒಳಗೆ ಬಿಡುವುದಿಲ್ಲ. ಆಗ ಇವರು ಕೋಲುಗಳನ್ನು ಬಂದೂಕಿನಂತೆ ಹಿಡಿದು, ಅಲ್ಲಲ್ಲಿ ಬೆಂಕಿ ಹಾಕಿ, ತಾವೊಂದು ದೊಡ್ಡ ದಂಡೆಂದು ನಟಿಸಿ ದಾರಿ ಪಡೆಯುವುದು ನಗು ತರಿಸುವ ಪ್ರಸಂಗ. ಆ ನಗು ನಮ್ಮಲ್ಲಿ ಬಹಳ ಹೊತ್ತು ನಿಲ್ಲದು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಸಾರಿ, ಹನ್ನೆರಡಕ್ಕೆ ದೇಶದ ಬಾಗಿಲು ಮುಚ್ಚಿದಾಗ ನಗರಗಳಿಂದ ಕಾಲ್ನಡಿಗೆಯಲ್ಲಿ ಹೊರಟವರನ್ನು ಕಂಡಿದ್ದೇವೆ. ಮೇ ತಿಂಗಳಲ್ಲಿ ಕರ್ನಾಟಕದ ಸರ್ಕಾರ ಕಾರ್ಮಿಕರ ರೈಲುಗಳನ್ನು ಬೇಡವೆಂದು, ಟೀಕೆ ಎದ್ದಮೇಲೆ ಬೇಕೆಂದದ್ದನ್ನೂ ಕಂಡಿದ್ದೇವೆ.

ಕೆಂಪು ಶಿಲುಬೆಗೂ ನಾವು ಹೊಸಬರಲ್ಲ. ಪ್ಲೇಗು 1896ರಲ್ಲಿ ಮುಂಬಯಿಗೆ ಬಂದು, 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಅಷ್ಟರೊಳಗೆ 1897ರ ಕಾಯಿದೆ ಹುಟ್ಟಿ, ಪುಣೆಯಲ್ಲಿ ಸೋಲ್ಜರುಗಳು ಮನೆಮನೆ ನುಗ್ಗಿ ರೋಗಿಗಳನ್ನು ಹುಡುಕಿ, ಪ್ಲೇಗ್ ಅಧಿಕಾರಿ ರ‍್ಯಾಂಡನ ಕೊಲೆಯೂ ಆಗಿತ್ತು. 2020ರಲ್ಲಿ ದೇಶ ಕೈಗೆತ್ತಿಕೊಂಡದ್ದು ಅದೇ ಕಾಯಿದೆಯನ್ನು. ಆ ವರ್ಷದ ಜುಲೈಯಲ್ಲಿ ಬೆಂಗಳೂರಿನ ಎರಡು ಫ್ಲಾಟುಗಳ ಬಾಗಿಲಿಗೆ, ಒಳಗೆ ಜನರಿದ್ದಂತೆಯೇ, ತಗಡು ಬಡಿದರು. ಮರುಗಳಿಗೆ ಊರೆಲ್ಲ ಛೀ ಎಂದಾಗ ಪಾಲಿಕೆಯ ಆಯುಕ್ತರು ಕ್ಷಮೆ ಕೇಳಿ ತೆಗೆಸಿದರು. ಡಿಫೋನನ್ನು ಓದಿದವರಾರೂ ಆ ತಗಡಿಗೆ ಮೊಳೆ ಹೊಡೆಯುತ್ತಿರಲಿಲ್ಲವೆಂದು ನಾನು ಹೇಳಲಾರೆ. ಪುಸ್ತಕಗಳ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಡಿಫೋನಿಗೂ ಅಷ್ಟು ಇದ್ದಂತಿಲ್ಲ. ಮನೆ ಮುಚ್ಚಿಸುವುದನ್ನು ಪುಟಪುಟವಾಗಿ ಖಂಡಿಸುವ ಈ ಜೀನುಗಾರನನ್ನೇ ತನ್ನ ಕೇರಿಯ ಮನೆಗಳನ್ನು ಪರೀಕ್ಷಿಸುವ ಅಧಿಕಾರಿಯಾಗಿ ನೇಮಿಸುತ್ತಾರೆ. ಎರಡು ತಿಂಗಳ ಕೆಲಸ. ಮೂರು ವಾರ ಮಾಡುತ್ತಾನೆ; ಅನಂತರ ಇನ್ನೊಬ್ಬನಿಗೆ ಸ್ವಲ್ಪ ಹಣ ಕೊಟ್ಟು ತನ್ನ ಜಾಗದಲ್ಲಿ ನಿಲ್ಲಿಸಿ ಪಾರಾಗುತ್ತಾನೆ. ಅದನ್ನು ಅವನೇ, ಯಾರೂ ಕೇಳದಿದ್ದರೂ, ಎರಡು ಮಾತಿನಲ್ಲಿ ಬರೆದಿಟ್ಟಿದ್ದಾನೆ.